ಅಂಗೈ ನೋಡಿಕೊಳ್ಳುವ ಅಕ್ಕ

ನಮ್ಮಕ್ಕ ತನ್ನ ಕೆಲಸದ ವಿಚಾರದಲ್ಲಿ ನನ್ನ ಹತ್ತಿರ ಕೇಳಿದ್ದು ಒಂದೇ ಒಂದು ಉಪಕಾರ. ಒಂದು ಪುಟ್ಟ ಬಾಟಲಿಯನ್ನು ರಾತ್ರಿ ನಮ್ಮ ಮನೆಯ ಫ್ರಿಜ್ಜಿನಲ್ಲಿಟ್ಟು, ಮಾರನೆಯ ದಿನ ಬೆಂಗಳೂರಿಗೆ ತಲುಪಿಸಬೇಕಿತ್ತು. ಬೆಂಗಳೂರಿಗೆ ತಲುಪಿಸಿದೆ, ಫ್ರಿಜ್ಜಿನಲ್ಲಿ ಇಡಲಿಲ್ಲ. ಇಟ್ಟಿದ್ದೆ ಎಂದು ಹೇಳಿದೆ. ಅದರಿಂದಾದ ಕೆಡುಕನ್ನು ಅಕ್ಕ ತನ್ನ ತಪ್ಪು ಎಂದುಕೊಂಡಳು. ಅವಳು ಹಾಗೆಂದುಕೊಳ್ಳುವುದನ್ನು ನಾನು ವರ್ಷಗಟ್ಟಲೆ ನೋಡುತ್ತಾ ಸುಮ್ಮನೆ ಕೂತೆ.

ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಇದನ್ನು ಬಚ್ಚಿಟ್ಟುಕೊಂಡು ಅಕ್ಕನನ್ನು ಹೊಗಳಲು ಕೂತರೆ ನನ್ನ ಕೈ ಓಡುವುದಿಲ್ಲ.

ಅಕ್ಕ ಕೆಲಸ ಮಾಡುತ್ತಿದ್ದುದು ಶಿವಮೊಗ್ಗದ ದುರ್ಗಿಗುಡಿಯ ಒಂದು ಲ್ಯಾಬಿನಲ್ಲಿ. ಕಫ, ಕೀವು, ರಕ್ತ ಪರೀಕ್ಷೆ ಮಾಡಿ ರೋಗ ತಂದಿರುವ ಬ್ಯಾಕ್ಟೀರಿಯಾ ಯಾವುದು ಎಂದು ಹೇಳುವ ವಿಭಾಗ ಅವಳದು. ಈಗ ಅವಳು ನಿವೃತ್ತಳಾಗಿದ್ದಾಳೆ. ಅಲ್ಲಿಯ ಹುಡುಗ ಹುಡುಗಿಯರು ಅವಳ ಬಗ್ಗೆ ಒಂದು ನೆನಪಿನ ಸಂಚಿಕೆ ತರುತ್ತಿದ್ದಾರೆ. "ಅಣ್ಣಾ, ನೀವೂ ಬರೀರಿ, ಮನೇಲಿ ಮೇಡಂ ಹೆಂಗಿದ್ರು ಅಂತ" ಎಂದು ದುಂಬಾಲು ಬಿದ್ದರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅಪ್ಪನ ಕಾಲದ ಪಾತ್ರೆ ಅಂಗಡಿ ನೋಡಿಕೊಂಡಿದ್ದೇನೆ. ನಾನು ಬದುಕಿನಲ್ಲಿ ಬರೆದದ್ದೆಲ್ಲ ಸ್ಟೀಲಿನ ಮೇಲೆ. ಲೋಟ, ತಟ್ಟೆ, ಕೊಡಪಾನಗಳ ಮೇಲೆ ಗಿರಾಕಿಗಳ ಹೆಸರನ್ನು ಮಿಷನ್ನಿನಿಂದ ಕೊರೆಯುತ್ತೇನೆ. ಇಷ್ಟುದ್ದ ಬರೆದು ಅಭ್ಯಾಸವಿಲ್ಲ.

"ನಿನ್ನ ಹೆಸರು ಹಾಕಲಾ?" ಎಂದು ಅಕ್ಕನನ್ನು ಕೇಳಿದೆ.

"ಪಾತ್ರೆ ಮೇಲೆ ಹಾಕು ಮಾರಾಯ, ಕಾಗದದ ಮೇಲೆ ಬೇಡ. ಪಾತ್ರೆ ಆದ್ರೆ ಸವೆದಾದ್ರೂ ಹೋಗತ್ತೆ" ಅಂದಳು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ದೊಡ್ಡ ದನಿ, ದೊಡ್ಡ ಹೆಜ್ಜೆ. ಮನೆಗೆ ಅವಳು ಬರುವುದು ಬೀದಿಯ ತಿರುವಿನಲ್ಲೇ ಗೊತ್ತಾಗುತ್ತಿತ್ತು. ಗಡಿಯಾರವನ್ನು ಬಲಗೈಗೆ ಕಟ್ಟುತ್ತಿದ್ದಳು. ಏಕೆಂದು ಕೇಳಿದರೆ, "ಎಡಗೈ ಖಾಲಿ ಇರ್ಲಿ, ನಿನ್ನ ಕಿವಿ ಹಿಂಡೋಕೆ" ಅನ್ನುತ್ತಿದ್ದಳು. ನಾನು ಶಾಲೆ ಬಿಟ್ಟಾಗ ಅಪ್ಪ ಸುಮ್ಮನಿದ್ದರು. ಅಂಗಡಿಗೆ ಒಬ್ಬ ಸಿಕ್ಕಿದ ಎಂದು ಅವರಿಗೆ ಒಳಗೊಳಗೇ ಖುಷಿ. ಅಕ್ಕ ಮಾತ್ರ ಕಿವಿ ಹಿಡಿದು ಶಾಲೆಯವರೆಗೆ ಎಳೆದುಕೊಂಡು ಹೋಗಿ ಬಿಟ್ಟುಬಂದಳು. ನಾನು ಹಿಂದಿನ ಗೇಟಿನಿಂದ ಅವಳಿಗಿಂತ ಮೊದಲೇ ಮನೆಗೆ ಬಂದು ಕೂತಿದ್ದೆ. ಆಗಿನಿಂದ ನನಗೆ 'ಏಳನೇ ಕ್ಲಾಸ್ ಪಂಡಿತ' ಎಂಬ ಬಿರುದು. ಅವಳಿಗೆ ಸಿಟ್ಟು ಬಂದರೂ ಪ್ರೀತಿ ಬಂದರೂ ಅದೇ ಬಿರುದು. ಯಾವುದೆಂದು ದನಿಯಿಂದ ತಿಳಿದುಕೊಳ್ಳಬೇಕಿತ್ತು.

ಅಷ್ಟೆಲ್ಲ ಶುದ್ಧ ಕಲಿತವಳು ಬೀದಿಯ ಮೆಣಸಿನಕಾಯಿ ಬಜ್ಜಿ ಬಿಡುತ್ತಿರಲಿಲ್ಲ. ದುರ್ಗಿಗುಡಿಯ ತಳ್ಳುಗಾಡಿಯ ಮುಂದೆ ನಿಂತು, ಆ ಚಟ್ನಿಯಲ್ಲಿ ಏನೇನು ಜೀವ ಓಡಾಡುತ್ತಿರಬಹುದು ಎಂದು ನನಗೆ ವಿವರಿಸುತ್ತಲೇ ಆ ಚಟ್ನಿಯನ್ನು ಬಜ್ಜಿಗೆ ಬಳಿದುಕೊಂಡು ತಿನ್ನುವಳು. ಗಾಡಿಯವನು ಕೈಮುಗಿದು, "ಮೇಡಂ, ತಿನ್ನೋದಾದ್ರೆ ಸುಮ್ನೆ ತಿನ್ನಿ. ಪಕ್ಕದ ಗಿರಾಕಿ ಪ್ಲೇಟ್ ಇಟ್ಟು ಹೋದ" ಅನ್ನುತ್ತಿದ್ದ. ಅಡುಗೆಯಲ್ಲಿ ಅವಳದು ಅಷ್ಟಕ್ಕಷ್ಟೆ. ಲ್ಯಾಬಿನಲ್ಲಿ ಒಂದು ಹನಿ ಹೆಚ್ಚು ಕಡಿಮೆ ಆಗದ ಕೈ, ಮನೆಯ ಸಾರಿಗೆ ಮಾತ್ರ ಎರಡು ಸಲ ಉಪ್ಪು ಹಾಕುತ್ತಿತ್ತು.

ಒಮ್ಮೆ ಎಲ್ಲರೂ ಸಕ್ರೆಬೈಲಿಗೆ ಆನೆ ನೋಡಲು ಹೋದೆವು. ಮಕ್ಕಳೆಲ್ಲ ಆನೆಯ ಸೊಂಡಿಲು ನೋಡುತ್ತಿದ್ದರೆ ಅಕ್ಕ ಅದರ ಕಾಲಿನ ಹತ್ತಿರ ಬಗ್ಗಿ ಕೂತಿದ್ದಳು. ಉಗುರಿನ ಸಂದಿಯಲ್ಲಿ ಒಂದು ಹುಣ್ಣು. ಮಾವುತನಿಗೆ ಪ್ರಶ್ನೆಯ ಮೇಲೆ ಪ್ರಶ್ನೆ. ಕೊನೆಗೆ ಆತ ಭಾವನ ಕಡೆ ತಿರುಗಿ, "ನಿಮ್ಮ ಮನೆಯವ್ರು ಆನೆ ಡಾಕ್ಟ್ರಾ ಸಾರ್?" ಎಂದು ಕೇಳಿದ. ಬ್ಯಾಂಕಿನಲ್ಲಿದ್ದ ಭಾವ ಬಹಳ ಸಾಧು ಮನುಷ್ಯ. "ಇಲ್ಲಪ್ಪ, ಕೀವು ಎಲ್ಲಿ ಕಂಡ್ರೂ ಅವಳಿಗೆ ನೆಂಟಸ್ತಿಕೆ. ನಮ್ಮನೆ ಫ್ರಿಜ್ಜಲ್ಲಿ ಏನಿದೆ ಅಂತ ನಾನು ಕೇಳೋದೇ ಬಿಟ್ಟಿದೀನಿ" ಅಂದರು.

ಫ್ರಿಜ್ಜಿನ ಮಾತು ತಮಾಷೆಯಲ್ಲ. ಅಕ್ಕನ ಮನೆಯ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಭದ್ರವಾಗಿ ಮುಚ್ಚಿದ ಒಂದು ಡಬ್ಬಿ ಸದಾ ಇರುತ್ತಿತ್ತು. ಲ್ಯಾಬಿನಲ್ಲಿ ಕರೆಂಟು ಕೈಕೊಟ್ಟರೆ ಅದರೊಳಗೆ ಏನಾದರೂ ಬಂದು ಸೇರುತ್ತಿತ್ತು. ಮೇಲಿನ ಅರೆಯಲ್ಲಿ ಹಾಲು, ದೋಸೆ ಹಿಟ್ಟು. ನಮ್ಮದು ಲಿಂಗವಂತರ ಮನೆ. ಒಮ್ಮೆ ನಮ್ಮ ಚಿಕ್ಕಮ್ಮ ಅದನ್ನು ನೋಡಿ ಹೌಹಾರಿದರು.

"ಕೊರಳಲ್ಲಿ ಲಿಂಗ ಇಟ್ಕೊಂಡು ಕಫ ಕೀವು ಮುಟ್ತೀಯಲ್ಲೇ. ಮನೆಗೂ ಬೇರೆ ತರ್ತೀಯ."

"ಸೋಪು ಹಾಕಿ ತೊಳೀತೀನಿ ಚಿಕ್ಕಮ್ಮ. ಮನಸ್ಸಲ್ಲಿ ಕೀವಿಟ್ಕೊಂಡು ಲಿಂಗ ಮುಟ್ಟೋರು ಯಾವ ಸೋಪು ಹಾಕ್ತಾರೆ?"

ಚಿಕ್ಕಮ್ಮ ಆ ದಿನ ಕಾಫಿ ಕುಡಿಯದೆ ಎದ್ದರು. ಅಕ್ಕ ನನ್ನ ಕಡೆ ತಿರುಗಿ, "ಲಿಂಗ ಕಟ್ಟಿಕೊಂಡವರಿಗೆ ಸೂತಕ ಇಲ್ಲ ಅಂತ ನಮ್ಮಜ್ಜಿ ಹೇಳಿಕೊಟ್ಟಿದ್ದು ನಂಗೊಬ್ಳಿಗೇ ಕೇಳಿಸ್ತೇನೋ" ಅಂದಳು. ನಾನು ಹೌದೌದು ಎಂದು ತಲೆಯಾಡಿಸಿದೆ. ಆಗ ನನಗೆ ಅದು ಸರಿಯೆಂದೇ ಕಂಡಿತ್ತು, ಫ್ರಿಜ್ಜು ಅವಳದಾಗಿತ್ತಲ್ಲ.

ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಒಂದು ಮಧ್ಯಾಹ್ನ ಅಕ್ಕ ನಮ್ಮ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ನಾನು ಒಂದು ಮದುವೆಯ ಲೋಟಗಳಿಗೆ ಹೆಸರು ಕೊರೆಯುತ್ತಿದ್ದೆ. ಅವಳ ಮುಖ ಸಪ್ಪಗಿತ್ತು.

"ನಿಮ್ಮ ಮಾರ್ಕೆಟ್ಟಲ್ಲಿ ಹೂವು ಮಾರೋ ಹೆಂಗಸು ಇದಾಳಲ್ಲ, ಕನಕಾಂಬರ ಮರುಗ ಸೇರಿಸಿ ಕಟ್ತಾಳಲ್ಲ, ಅವಳ ಹೊಟ್ಟೆ ಗಾಯ ಒಣಗ್ತಿಲ್ಲ ಕಣೋ" ಅಂದಳು.

ಆ ಹೆಂಗಸು ನನಗೆ ಗೊತ್ತಿದ್ದವಳೇ. ಫ್ಯಾಕ್ಟರಿ ಕೆಲಸಕ್ಕೆಂದು ತಮಿಳು ಸೀಮೆಯಿಂದ ಹಿಂದೆಯೇ ಬಂದು ಭದ್ರಾವತಿಯಲ್ಲಿ ನಿಂತವರ ಮಗಳು. ನಮ್ಮ ಮನೆಯ ಪೂಜೆಗೆ ಹೂವು ಅವಳ ಹತ್ತಿರವೇ ಕೊಳ್ಳುತ್ತಿದ್ದೆವು. ಶಿವಮೊಗ್ಗದ ಯಾವುದೋ ನರ್ಸಿಂಗ್ ಹೋಮಿನಲ್ಲಿ ಹೊಕ್ಕಳ ಹತ್ತಿರ ಸಣ್ಣ ತೂತು ಮಾಡಿ ಮಕ್ಕಳಾಗದ ಆಪರೇಷನ್ ಮಾಡಿದ್ದರು. ಗಾಯ ಮೊದಲು ಒಣಗಿತು. ಕೆಲವು ವಾರಗಳ ಮೇಲೆ ಅಲ್ಲೇ ಗಂಟುಗಳೆದ್ದು ಒಸರತೊಡಗಿತು. ಒಸರಿದ್ದನ್ನು ಅಕ್ಕ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಕೆಂಪು ಕಡ್ಡಿಗಳ ಹಾಗೆ ಕಂಡವಂತೆ. ಕೆಂಪು ಕಡ್ಡಿ ಎಂದರೆ ಟೀಬಿ ಎಂದು ಡಾಕ್ಟರು ಟೀಬಿ ಮಾತ್ರೆ ಶುರುಮಾಡಿದ್ದರು. ತಿಂಗಳುಗಳಾದರೂ ಗಾಯ ಹಾಗೇ ಇತ್ತು.

"ಆ ಬಣ್ಣ ಹಾಕಿದ್ರೆ ಟೀಬಿಯ ದಾಯಾದಿಗಳೂ ಕೆಂಪಾಗೇ ಕಾಣ್ತಾವೆ. ನೀರಲ್ಲಿ, ಮಣ್ಣಲ್ಲಿ ಇರೋವು. ಆಪರೇಷನ್ ಸಾಮಾನು ಸರಿಯಾಗಿ ಶುದ್ಧ ಆಗ್ದಿದ್ರೆ ಒಳಗೆ ಹೊಕ್ಕುಬಿಡ್ತಾವೆ. ಅವಕ್ಕೆ ಈ ಮಾತ್ರೆ ನಾಟಲ್ಲ. ನಾನು ಬೆಳೆಸಿ ನೋಡಿದೆ, ಟೀಬಿ ಆದ್ರೆ ಅಷ್ಟು ಬೇಗ ಬೆಳೆಯಲ್ಲ. ಡಾಕ್ಟ್ರು, ನೀವು ಬೆಳೆಸಿದ್ದು ಗಾಳಿಯಿಂದ ಬಿದ್ದಿದ್ದು ಮೇಡಂ ಅಂತಾರೆ. ಅಷ್ಟ್ರಲ್ಲಿ ನಾನು ಬೆಳೆಸಿದ್ದಕ್ಕೆ ಬೂಷ್ಟು ಬಂತು."

"ಅಷ್ಟು ಓದಿದೀಯ, ನೋಡಿ ಹೇಳೋಕಾಗಲ್ವೇನೆ ಯಾವ್ದು ಅಂತ?"

ಅವಳು ನನ್ನ ಮುಂದಿದ್ದ ಎರಡು ಲೋಟ ಎತ್ತಿಕೊಂಡಳು. "ಇವೆರಡ್ರಲ್ಲಿ ಏನು ವ್ಯತ್ಯಾಸ?"

"ಏನೂ ಇಲ್ಲ."

"ಮದುವೆ ಮನೇಲಿ ಅವರಿವರ ಮನೆ ಲೋಟ ಎಲ್ಲ ಬೆರೆತು ಹೋದ್ರೆ ಹೆಂಗೋ ಆರಿಸ್ತೀರ?"

"ತಿರುಗಿಸಿ ಹೆಸರು ನೋಡ್ತೀವಿ."

"ಅಷ್ಟೇ ಪಂಡಿತ! ಇಷ್ಟು ದಿನ ನಾವು ಆಕಾರ ನೋಡಿ, ಬಣ್ಣ ನೋಡಿ ಇಂಥಾ ಮನೇದು ಅಂತಿದ್ವಿ. ಈಗ ತಿರುಗಿಸಿ ಹೆಸರು ಓದೋಕೆ ಬಂದಿದೆ. ಜೆನೆಟಿಕ್ ಟೆಸ್ಟ್ ಅಂತಾರೆ. ಪ್ರತಿ ಬ್ಯಾಕ್ಟೀರಿಯಾದ ಒಳಗೂ ಅದರ ಕುಲದ ಬರಹ ಕೊರೆದಿರತ್ತೆ. ಬೆಂಗಳೂರಲ್ಲಿ ಓದ್ತಾರೆ."

"ಕಣ್ಣಿಗೇ ಕಾಣದ್ದು. ಅದರೊಳಗಿನ ಬರಹ ಹೆಂಗೆ ಓದ್ತಾರೆ?"

"ಒಂದನ್ನ ಎರಡು, ಎರಡನ್ನ ನಾಲ್ಕು ಅಂತ ಮಿಷನ್ನಲ್ಲಿ ಆ ಬರಹಾನ ನಕಲು ಮಾಡ್ತಾ ಹೋಗ್ತಾರೆ. ರಾಶಿ ಆದ್ಮೇಲೆ ಓದ್ತಾರೆ."

"ಮಧ್ಯೆ ಬೇರೆ ಯಾವ್ದಾದ್ರೂ ಸೇರ್ಕೊಂಡ್ರೆ?"

ಈ ಪ್ರಶ್ನೆಯನ್ನು ಕೇಳಿದವನು ನಾನೇ. ಅಕ್ಕ ಹಿಗ್ಗಿಹೋದಳು. "ನೋಡು, ನಮ್ಮ ಹುಡುಗ್ರು ಒಬ್ರೂ ಇದನ್ನ ಕೇಳ್ಲಿಲ್ಲ! ಅದೇ ಮಾರಾಯ ಕಷ್ಟ. ಅದರದ್ದೂ ನಕಲಾಗತ್ತೆ. ಹೆಸರಿನ ಮೇಲೆ ಹೆಸರು ಕೊರೆದಂಗೆ. ಏನೂ ಓದೋಕೆ ಬರಲ್ಲ. ಅದಕ್ಕೇ ಗಾಯದ ಚೂರನ್ನ ತಣ್ಣಗಿಟ್ಟು ಕಳಿಸ್ಬೇಕು. ಬೆಚ್ಚಗಾದ್ರೆ ಚರ್ಮದ ಮೇಲಿರೋ ಪುಂಡು ಪೋಕರಿಗಳೆಲ್ಲ ಅದ್ರಲ್ಲಿ ಸಂತೆ ನೆರೆದುಬಿಡ್ತಾವೆ."

ಹೀಗೆ ನನಗೆ ಎಲ್ಲವೂ ಮೊದಲೇ ತಿಳಿದಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲ.

ಅಕ್ಕ ಡಾಕ್ಟರನ್ನು ಒಪ್ಪಿಸಿದಳು. ಅವರೇನೂ ಕೆಟ್ಟವರಲ್ಲ, ನಗೆಚಾಟಿಕೆಯ ಮನುಷ್ಯ. "ಆಯ್ತು ಮೇಡಂ, ನಿಮ್ಮ ಹಠ ಗೆಲ್ಲಲಿ. ಗಾಯದ ಒಂದು ಚೂರು ತೆಗೆದುಕೊಡ್ತೀನಿ. ಹೆಸರು ಬರ್ಲಿಲ್ಲ ಅಂದ್ರೆ ನನ್ನ ಮಾತ್ರೆ ಮುಂದುವರಿಯತ್ತೆ" ಅಂದರಂತೆ. ಅಂಗಡಿಯ ಸಾಮಾನಿಗೆಂದು ನಾನು ಆಗಾಗ ಬೆಂಗಳೂರಿಗೆ ಹೋಗುತ್ತಿದ್ದೆ. ಅಕ್ಕ ನನ್ನನ್ನೇ ನಂಬಿ ಕೇಳಿದಳು. ಏಪ್ರಿಲ್ ತಿಂಗಳ ಬಿಸಿಲು. ಸಂಜೆ ಶಿವಮೊಗ್ಗಕ್ಕೆ ಹೋಗಿ, ಐಸು ತುಂಬಿದ ಥರ್ಮಾಕೋಲ್ ಡಬ್ಬಿಯೊಳಗೆ ಪ್ಲಾಸ್ಟಿಕ್ ಸುತ್ತಿದ ಆ ಬಾಟಲಿಯನ್ನು ಇಸಿದುಕೊಂಡೆ.

"ಮನೆಗೆ ಹೋದ ತಕ್ಷಣ ಫ್ರಿಜ್ಜಲ್ಲಿಡು. ಮೇಲೆ ಐಸ್ ಕಟ್ಟೋ ಕಡೆ ಅಲ್ಲ, ಕೆಳಗೆ. ಬೆಳಿಗ್ಗೆ ಹೊಸ ಐಸ್ ಹಾಕ್ಕೊಂಡು ರೈಲು ಹತ್ತು. ತಿಳೀತಾ?"

"ತಿಳೀತು ಬಿಡೇ. ಎಷ್ಟು ಸಲ ಹೇಳ್ತೀಯ."

ಬಸ್ಸಿನಲ್ಲೇ ಐಸು ಅರ್ಧ ಕರಗಿತ್ತು. ಮನೆಗೆ ಬಂದು ಫ್ರಿಜ್ಜಿನ ಬಾಗಿಲು ತೆಗೆದೆ. ಹಾಲಿನ ಪಾತ್ರೆ, ಮೊಸರು. ಪಕ್ಕದಲ್ಲಿ ಬಾಳೆಲೆಯಲ್ಲಿ ಸುತ್ತಿಟ್ಟ ಬಿಲ್ವಪತ್ರೆ, ಬೆಳಗಿನ ಲಿಂಗಪೂಜೆಯ ಹೂವು. ಕೈ ಮುಂದಕ್ಕೆ ಹೋಗಲಿಲ್ಲ. ಇದು ಮನುಷ್ಯರ ಮಾಂಸ, ಹುಣ್ಣಿನ ಮಾಂಸ ಎನಿಸಿತು. ಹೆಂಡತಿ ಅಡುಗೆಮನೆಯಿಂದಲೇ "ಏನ್ರೀ ಅದು?" ಎಂದು ಕೇಳಿದಳು. "ಅಕ್ಕನ ಔಷಧಿ" ಅಂದು ಬಾಗಿಲು ಹಾಕಿದೆ. ಬಾಟಲಿಯನ್ನು ಮನೆಯ ಹೊರಗಿದ್ದ ಬಚ್ಚಲಿಗೆ ತೆಗೆದುಕೊಂಡು ಹೋಗಿ ಹಂಡೆಯ ಮೇಲಿನ ಗೂಡಿನಲ್ಲಿಟ್ಟೆ. ಒಂದು ರಾತ್ರಿ ತಾನೆ ಎಂದುಕೊಂಡೆ.

ಫ್ರಿಜ್ಜಿನಲ್ಲಿದ್ದ ಪೂಜೆಯ ಹೂವು ಕಟ್ಟಿದವಳು ಆ ಗಾಯದ ಹೆಂಗಸೇ. ಅವಳ ಕೈಯ ಹೂವು ನನ್ನ ಲಿಂಗಕ್ಕೆ ಆಗುತ್ತಿತ್ತು. ಅವಳ ಮೈಯ ಚೂರು ಆ ಹೂವಿನ ಪಕ್ಕದಲ್ಲಿ ಕೂರುವುದು ಆಗಲಿಲ್ಲ. ಇದು ಆಗ ನನಗೆ ಹೊಳೆಯಲೇ ಇಲ್ಲ. ಹೊಳೆದ ಮೇಲೆ ಮರೆಯಲು ಆಗಿಲ್ಲ.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಹೆಂಡತಿ ಎಂದಿನಂತೆ ಹಂಡೆಗೆ ಒಲೆ ಹಚ್ಚಿದ್ದಳು. ಸ್ನಾನ ಮುಗಿಸಿ ಗೂಡಿಗೆ ಕೈ ಹಾಕಿದರೆ ಬಾಟಲಿ ಕೂಸಿನ ಹಾಲಿನ ಬಾಟಲಿಯ ಹಾಗೆ ಬೆಚ್ಚಗಿತ್ತು. ಆಗಲಾದರೂ ಅಕ್ಕನಿಗೆ ಫೋನು ಮಾಡಬಹುದಿತ್ತು. ಬೈಯುತ್ತಿದ್ದಳು, ಅಷ್ಟೆ. ನಾನು ರೈಲು ಹತ್ತಿದೆ. ಬೆಂಗಳೂರಿನಲ್ಲಿ ಇಳಿದು ಜ್ಯೂಸ್ ಅಂಗಡಿಯಲ್ಲಿ ಐಸು ಕೇಳಿ ಡಬ್ಬಿಗೆ ತುಂಬಿದೆ. ಲ್ಯಾಬಿನ ಹುಡುಗಿ ಮುಚ್ಚಳ ತೆಗೆದು ನೋಡಿ, "ಚೆನ್ನಾಗಿ ತಂದಿದೀರ ಸರ್, ಐಸ್ ಹಾಗೇ ಇದೆ" ಅಂದಳು. ನಾನು ನಕ್ಕೆ. ಆ ನಗೆಯನ್ನು ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮುಖ ಕನ್ನಡಿಯಲ್ಲಿ ನೋಡಿಕೊಳ್ಳಲು ಆಗುವುದಿಲ್ಲ.

ರಿಪೋರ್ಟು ಬಂತು. ಹಲವು ಬ್ಯಾಕ್ಟೀರಿಯಾಗಳ ಬೆರಕೆ, ಇಂಥದೇ ಎಂದು ಹೇಳಲಾಗದು, ಹೊಸ ಚೂರು ಕಳಿಸಿ ಎಂದಿತ್ತು. ಡಾಕ್ಟರು, "ಏನು ಮೇಡಂ, ಇಡೀ ಊರಿನ ಹೆಸರು ಬಂದಿದೆಯಂತೆ" ಎಂದು ನಕ್ಕರಂತೆ. ಮಾತ್ರೆ ಮುಂದುವರಿಯಿತು. ಅಕ್ಕ ನನಗೆ ಫೋನು ಮಾಡಿದಳು.

"ದಾರೀಲಿ ಏನೂ ಆಗ್ಲಿಲ್ಲ ತಾನೆ?"

"ಇಲ್ಲವೇ. ಫ್ರಿಜ್ಜಲ್ಲೇ ಇಟ್ಟಿದ್ದೆ. ಐಸೂ ಇತ್ತು, ಬೇಕಾದ್ರೆ ಅಲ್ಲಿ ಕೇಳು."

"ಕೇಳ್ದೆ. ಐಸ್ ಚೆನ್ನಾಗೇ ಇತ್ತಂತೆ" ಅಂದಳು. ಆಮೇಲೆ, "ಹಂಗಾದ್ರೆ ನಂದೇ. ಚೂರು ಬಾಟಲಿಗೆ ಹಾಕೋವಾಗ ನನ್ನ ಕೈ ತಾಗಿರ್ಬೇಕು" ಅಂದಳು.

ಲ್ಯಾಬಿನ ಹುಡುಗರಿಗೆಲ್ಲ ಅಕ್ಕನ ಒಂದು ಅಭ್ಯಾಸ ಗೊತ್ತು. ಕೆಲಸಕ್ಕೆ ಕೂರುವ ಮೊದಲು ಕೈ ತೊಳೆದು, ಎರಡೂ ಅಂಗೈಗಳನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ನೋಡಿ, ಮತ್ತೆ ತೊಳೆಯುತ್ತಿದ್ದಳು. ಆಮೇಲೆಯೇ ಗ್ಲೌಸು. ಅದನ್ನು ಅವರೆಲ್ಲ 'ಮೇಡಂ ಪ್ರಾರ್ಥನೆ' ಎಂದು ಕರೆಯುತ್ತಿದ್ದರಂತೆ. ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಅವಳು, "ನಾನು ಒಂದ್ಸಲ ಕೈ ಕೆಡಿಸ್ಕೊಂಡು ಒಬ್ಬ ಹೆಂಗಸಿನ ಬಾಳು ಕೆಡಿಸಿದೀನಿ" ಎಂದು ಹೇಳುತ್ತಿದ್ದಳಂತೆ. ಆ ಅಭ್ಯಾಸ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಆ ಫೋನಿನ ನಂತರ ಬಂದದ್ದು. ಅವಳಿಗೆ ಅದನ್ನು ಕಲಿಸಿದವನು ನಾನು.

ಹೂವಿನವಳು ಎರಡನೇ ಸಲ ಚೂರು ತೆಗೆಯಲು ಒಪ್ಪಲಿಲ್ಲ. "ಇನ್ನೊಂದ್ ದಪ ಕತ್ರಿ ಹಾಕ್ಬೇಡಿ ಮೇಡಮ್ಮಾ, ಸಾಯೋದಾದ್ರೆ ಇಂಗೇ ಸಾಯ್ತೀನಿ" ಎಂದುಬಿಟ್ಟಳು. ಅಕ್ಕ ರಜೆಯ ದಿನಗಳಲ್ಲೆಲ್ಲ ಭದ್ರಾವತಿಗೆ ಬಂದು ಅವಳ ಪಕ್ಕದಲ್ಲಿ ಚಾಪೆ ಹಾಕಿ ಕೂತಳು. ಚೂರಿನ ಮಾತೇ ಇಲ್ಲ, ಹೂವು ಕಟ್ಟುವುದು ಕಲಿಸು ಎಂದಳು. ಅಕ್ಕ ಕಟ್ಟಿದ ಮಾಲೆ ಎತ್ತಿದರೆ ಹೂವೆಲ್ಲ ಕೆಳಗೆ, ದಾರ ಮೇಲೆ.

"ಅಯ್ಯೋ ಮೇಡಮ್ಮಾ, ಈ ಮಾಲೆ ಹಾಕುದ್ರೆ ದೇವ್ರು ಎದ್ದು ಓಡೋಗತ್ತೆ."

"ಓಡಿದ್ರೆ ಓಡ್ಲಿ, ಕೂತೂ ಕೂತೂ ಅದಕ್ಕೂ ಕಾಲು ಹಿಡಿದಿರತ್ತೆ."

ಇಬ್ಬರೂ ನಗುವುದು ನಮ್ಮ ಅಂಗಡಿಯವರೆಗೆ ಕೇಳುತ್ತಿತ್ತು. ನಾನು ತಲೆ ತಗ್ಗಿಸಿ ಹೆಸರು ಕೊರೆಯುತ್ತಿದ್ದೆ. ಹೀಗೆ ಒಂದು ದಿನ ಅಕ್ಕ ನೋಡುತ್ತಿದ್ದ ಹಾಗೆಯೇ ಅವಳು ಕನಕಾಂಬರದ ಬುಟ್ಟಿ ಎಂದು ಮರುಗದ ಬುಟ್ಟಿಗೆ ಕೈ ಹಾಕಿದಳು. ಮತ್ತೊಮ್ಮೆ ಹಾಗೇ ಆಯಿತು. ಅಕ್ಕ ಒಂದು ಹೂವನ್ನೂ ಒಂದು ಎಲೆಯನ್ನೂ ಹಿಡಿದು ಬಣ್ಣ ಕೇಳಿದಳು. ಎರಡೂ ಒಂದೇ ಬೂದಿ ಬಣ್ಣ ಎಂದಳಂತೆ. ಟೀಬಿ ಮಾತ್ರೆಗಳಲ್ಲಿ ಒಂದನ್ನು ತುಂಬಾ ಕಾಲ ನುಂಗಿದರೆ ಕೆಲವರಿಗೆ ಕಣ್ಣಿನ ನರಕ್ಕೆ ಪೆಟ್ಟು ಬೀಳುತ್ತದೆ. ಕೆಂಪು, ಹಸಿರು ಮೊದಲು ಹೋಗುತ್ತವೆ. ಅಕ್ಕ ಅಂದೇ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ನಗಲಿಲ್ಲ. ಆ ಮಾತ್ರೆ ನಿಲ್ಲಿಸಿದರು. ಅವಳೂ ಹೆದರಿ ಚೂರು ಕೊಡಲು ಒಪ್ಪಿದಳು.

ಈ ಸಲ ನಾನು ತೆಗೆದುಕೊಂಡು ಹೋಗಲಾ ಎಂದು ಬಾಯಿಮಾತಿಗೆ ಕೇಳಿದೆ.

"ಬೇಡ, ನಾನೇ ಹೋಗ್ತೀನಿ. ನಿನ್ನ ಮೇಲೆ ಅನುಮಾನ ಅಲ್ಲ ಕಣೋ, ನನ್ನ ಕೈ ಮೇಲೆ" ಅಂದಳು.

ಸ್ಟೇಷನ್ನಿನಲ್ಲಿ ಅವಳ ಬ್ಯಾಗು ಹಿಡಿದು ನಿಂತಿದ್ದೆ. ಡಬ್ಬಿಯನ್ನು ಮಾತ್ರ ಅವಳು ಯಾರ ಕೈಗೂ ಕೊಡಲಿಲ್ಲ, ತೊಡೆಯ ಮೇಲಿಟ್ಟುಕೊಂಡೇ ಬೆಂಗಳೂರಿಗೆ ಹೋದಳಂತೆ. ಪಕ್ಕದವರು ಮೈಸೂರುಪಾಕಾ ಎಂದು ಕೇಳಿದರಂತೆ.

ಹೆಸರು ಬಂತು. ಅಕ್ಕ ಹೇಳಿದ್ದೇ ಸರಿ. ಟೀಬಿಯಲ್ಲ, ನೀರಿನ ದಾಯಾದಿ. ಮಾತ್ರೆ ಬದಲಾಯಿತು. ತಿಂಗಳುಗಳು ಹಿಡಿದರೂ ಗಾಯ ಪೂರ್ತಿ ಒಣಗಿತು. ಡಾಕ್ಟರು ಪೇಡ ತಂದು ಲ್ಯಾಬಿನವರಿಗೆಲ್ಲ ಹಂಚಿ, "ಮೇಡಂ, ಇನ್ಮೇಲೆ ಕೆಂಪು ಕಂಡ್ರೆ ಮೊದಲು ನಿಮ್ಮನ್ನ ಕೇಳ್ತೀನಿ" ಅಂದರು. ಅಕ್ಕ ಪೇಡ ತಿಂದಳು, ಆದರೆ ಹಿಗ್ಗಲಿಲ್ಲ. ಮೊದಲನೇ ಸಲವೇ ಹೆಸರು ಬಂದಿದ್ದರೆ ಅಷ್ಟು ತಿಂಗಳು ಆ ಮಾತ್ರೆ ಹೂವಿನವಳ ಹೊಟ್ಟೆಗೆ ಹೋಗುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಹೂವಿನವಳ ಕಣ್ಣಿನ ಮಂಜು ಎಷ್ಟೋ ತಿಳಿಯಾಯಿತು. ಬಣ್ಣಗಳು ಮಾತ್ರ ಸರಿಯಾಗಿ ಮರಳಲಿಲ್ಲ. ಕನಕಾಂಬರಕ್ಕೆ ವಾಸನೆಯಿಲ್ಲ, ಮರುಗಕ್ಕೆ ಇದೆ. ಹಾಗಾಗಿ ಅವಳು ಕಟ್ಟುವಾಗ ಆಗಾಗ ಮೂಗಿನ ಹತ್ತಿರ ತಂದು ಮೂಸಿ ನೋಡುತ್ತಾಳೆ. ಮೂಸಿದ ಹೂವು ದೇವರಿಗೆ ಆಗುವುದಿಲ್ಲವಲ್ಲ. ನೋಡಿದ ಗಿರಾಕಿಗಳು ಒಬ್ಬೊಬ್ಬರೇ ಪಕ್ಕದ ಬುಟ್ಟಿಗೆ ಹೋದರು. ತಲೆಗೆ ಮುಡಿಯುವವರು ಮಾತ್ರ ಉಳಿದರು. ನಾನು ದಿನಾ ಅವಳ ಹತ್ತಿರವೇ ಹೂವು ತಂದೆ. "ಮೂಸಿದ ಹೂವು ತರ್ತೀರಲ್ರೀ" ಎಂದು ಹೆಂಡತಿ ಗೊಣಗಿದಾಗ, "ಲಿಂಗಕ್ಕೆ ಸೂತಕ ಇಲ್ಲ" ಎಂದು ಬಾಯಿ ಮುಚ್ಚಿಸಿದೆ. ಎಷ್ಟು ಚೆನ್ನಾಗಿ ಹೇಳುತ್ತಿದ್ದೆ! ಹೇಳಬೇಕಾದ ದಿನ ಫ್ರಿಜ್ಜಿನ ಮುಂದೆ ಆ ಮಾತು ಬಾಯಿಗೆ ಬಂದಿರಲಿಲ್ಲ. ಪ್ರತಿದಿನ ಹೂವು ಕೊಂಡೆ, ಅವಳ ಮುಖ ನೋಡಿ ಒಂದು ಮಾತು ಆಡಲಿಲ್ಲ.

ನಿವೃತ್ತಿಯಾದ ಮೇಲಿನ ಭಾನುವಾರ ಅಕ್ಕ ನಮ್ಮಲ್ಲಿಗೆ ಊಟಕ್ಕೆ ಬಂದಳು. ಎಲೆ ಹಾಕಿತ್ತು. ಅಕ್ಕ ನಲ್ಲಿಯ ಹತ್ತಿರ ಕೈ ತೊಳೆದು, ಅಂಗೈಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿಕೊಂಡಳು. ಮತ್ತೆ ನಲ್ಲಿ ತಿರುಗಿಸಿದಳು.

ನನ್ನ ಹೆಂಡತಿ ನಕ್ಕಳು. "ರಿಟೈರ್ ಆದ್ರೂ ಬಿಡ್ಲಿಲ್ಲವಾ ಅಕ್ಕ? ಇಲ್ಲಿರೋದು ಹೋಳಿಗೆ, ಕೀವಲ್ಲ."

"ಒಂದ್ಸಲ ನಂಬಿಕೆ ಕೆಟ್ಟ ಕೈ ಕಣಮ್ಮ ಇದು. ನನ್ನ ಜೊತೇಲೇ ಹೋಗ್ಲಿ" ಅಂದಳು ಅಕ್ಕ.

ನನಗೆ ಎಲೆಯ ಮುಂದೆ ಕೂರಲು ಆಗಲಿಲ್ಲ. ನಿಂತುಕೊಂಡೇ ಹೇಳಿದೆ. ಫ್ರಿಜ್ಜು, ಹೂವು, ಹಂಡೆ, ಜ್ಯೂಸ್ ಅಂಗಡಿಯ ಐಸು. ಹೆಂಡತಿಯ ಕೈಯಲ್ಲಿದ್ದ ತುಪ್ಪದ ಮಿಳ್ಳೆ ಹಾಗೇ ನಿಂತಿತು. ಅಕ್ಕ ಮೊದಲು ಸಿಟ್ಟಾಗಲಿಲ್ಲ. ಲ್ಯಾಬಿನಲ್ಲಿ ಕೇಳುವ ಹಾಗೆ ಕೇಳಿದಳು.

"ಹಂಡೆಗೆ ಒಲೆ ಹಚ್ಚಿತ್ತಾ?"

"ಹಚ್ಚಿತ್ತು."

"ಬಾಟಲಿ ಬೆಚ್ಚಗಿತ್ತಾ?"

"ಇತ್ತು."

ಅವಳು ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಎಷ್ಟೋ ಹೊತ್ತು ನೋಡಿಕೊಂಡಳು. ಆಮೇಲೆ ಅವಳ ದೊಡ್ಡ ದನಿ ಸಣ್ಣದಾಯಿತು. "ಇಷ್ಟು ವರ್ಷ ನಾನು ಈ ಕೈಗಳನ್ನ ಬೈದೆನಲ್ಲೋ."

ನಾನು ಅವಳ ಕಾಲಿಗೆ ಬಗ್ಗಿದೆ. ಅವಳು ನನ್ನ ಕಿವಿ ಹಿಡಿದು ಮೇಲಕ್ಕೆತ್ತಿದಳು, ಎಡಗೈಯಿಂದ.

"ನನ್ನ ಹತ್ರ ಅಳಬೇಡ. ಬಣ್ಣ ಹೋಗಿದ್ದು ನನ್ನ ಕಣ್ಣಿಂದಲ್ಲ. ನಡಿ, ಚಪ್ಪಲಿ ಮೆಟ್ಕೋ."

"ಊಟ ಮಾಡ್ಕೊಂಡು ಹೋಗಿ ಅಕ್ಕ" ಎಂದಳು ಹೆಂಡತಿ.

"ಬಂದು ಮಾಡ್ತೀವಿ. ಈ ಮಾತು ಬೆಚ್ಚಗಿಟ್ಟು ಬೆಚ್ಚಗಿಟ್ಟು ಸಾಕಷ್ಟು ಕೆಟ್ಟಿದೆ."

ಸಣ್ಣವನಿದ್ದಾಗ ಶಾಲೆಗೆ ಕರೆದುಕೊಂಡು ಹೋದ ಹಾಗೆಯೇ ಮುಂದೆ ಮುಂದೆ ನಡೆದಳು. ಈ ಸಲ ನಾನು ಹಿಂದಿನ ಗೇಟು ಹುಡುಕಲಿಲ್ಲ. ಹೂವಿನವಳು ಎಂದಿನ ಜಾಗದಲ್ಲಿ ಕೂತು ಒಂದು ಎಲೆಯನ್ನು ಮೂಗಿನ ಹತ್ತಿರ ಹಿಡಿದಿದ್ದಳು. ಅಕ್ಕನ ಹೆಜ್ಜೆಯ ಸದ್ದಿಗೇ ಮುಖ ಅರಳಿತು.

"ವಾಂಗೋ, ಬನ್ನಿ ಮೇಡಮ್ಮಾ! ಮಾಲೆ ಕಟ್ಟಾಕ್ ಬಂದ್ರಾ? ದೇವ್ರ್ ಪಾಪ." ನನ್ನನ್ನು ಕಂಡು, "ಏನ್ ಸಾಮಿ, ಬೆಳಿಗ್ಗೆನೇ ಹೂವು ತಗೊಂಡೋದ್ರಲ್ಲ?" ಅಂದಳು.

ಅಕ್ಕ ಅವಳ ಪಕ್ಕದ ಚಾಪೆಯ ಮೇಲೆ ಕೂತಳು. ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ನಾನು ಅವರಿಬ್ಬರ ಮುಂದೆ ನೆಲದ ಮೇಲೆ ಕೂತೆ. ಸಂತೆಗೆ ಬಂದವರು ಸುತ್ತ ಓಡಾಡುತ್ತಿದ್ದರು. ದನಿ ತಗ್ಗಿಸದೆ ಹೇಳಿದೆ:

"ಅಮ್ಮಾ, ಮೊದಲ್ನೇ ಸಲ ನಿನ್ನ ಗಾಯದ ಚೂರು ಕೆಟ್ಟಿದ್ದು ನಮ್ಮಕ್ಕನ ಕೈಯಿಂದಲ್ಲ. ಅದನ್ನ ಬೆಂಗಳೂರಿಗೆ ತಗೊಂಡೋದೋನು ನಾನು. ತಣ್ಣಗಿಡು ಅಂತ ಕೊಟ್ಟಿದ್ರು. ನೀನು ಕಟ್ಟಿದ ಹೂವನ್ನ ಫ್ರಿಜ್ಜಲ್ಲಿಟ್ಟು, ನಿನ್ನ ಮೈ ಚೂರು ಮೈಲಿಗೆ ಅಂತ ಬಚ್ಚಲ ಹಂಡೆ ಹತ್ರ ಇಟ್ಟೆ. ಆಮೇಲೆ ಸುಳ್ಳು ಹೇಳ್ದೆ. ಅದಕ್ಕೇ ನೀನು ಅಷ್ಟು ತಿಂಗಳು ಸುಮ್ಮನೆ ಆ ಮಾತ್ರೆ ನುಂಗಿದ್ದು, ಅದಕ್ಕೇ ನಿನ್ನ ಕಣ್ಣು ಹಿಂಗಾಗಿದ್ದು. ತಪ್ಪು ನಂದು, ತಪ್ಪಾಯ್ತು. ಅಕ್ಕಾ, ನಿನ್ನ ಕೈ ಯಾವತ್ತೂ ಸರಿಯಾಗೇ ಇತ್ತು. ಅದಕ್ಕೂ ತಪ್ಪಾಯ್ತು."